ಹಿತ್ತಲಿನ ಅರೆಯುವ ಕಲ್ಲು ಕೊಚ್ಚಿಗೆ ಹೋದಾಗ

ಎನ್.ಆರ್.ಪುರದ ಹಿನ್ನೀರು ಲಕ್ಕವಳ್ಳಿ ಅಣೆಕಟ್ಟು ದಾಟಿದರೆ ಮುಂದೆ ಸಿಗುವ ಪೇಟೆ ಭದ್ರಾವತಿ. ಅಲ್ಲಿ 1957ರಲ್ಲಿ ಹುಟ್ಟಿದ ಶೀಲಾ ಗೌಡ ಇಂದು ಜಗತ್ತು ಗುರುತಿಸುವ ಪ್ರತಿಷ್ಠಾಪನ ಕಲಾವಿದೆ. 2009ರಲ್ಲಿ ಅವರ ಕೃತಿ ವೆನಿಸ್ ಬಿಯೆನಾಲೆಯಲ್ಲಿತ್ತು. ಕೊಪ್ಪ, ಶೃಂಗೇರಿ ಕಡೆಯ ನಮ್ಮ ಬ್ಯಾರಿ ಮನೆಗಳಲ್ಲಿ ಈ ಹೆಸರು ಕೇಳಿದವರು ಕಡಿಮೆ ಇರಬಹುದು. ಆದರೆ ಅವರು ಕೈಗೆತ್ತಿಕೊಂಡ ವಸ್ತುಗಳೆಲ್ಲ ನಮ್ಮ ಮನೆಯವೇ.

ಪ್ರತಿಷ್ಠಾಪನ ಕಲೆ ಅಂದರೆ ಗೋಡೆಗೆ ತೂಗುಹಾಕುವ ಚಿತ್ರ ಅಲ್ಲ. ವಸ್ತುಗಳನ್ನೇ ಜಾಗದ ತುಂಬ ಜೋಡಿಸಿಡುವುದು, ನೋಡುವವರು ಅದರ ನಡುವೆ ನಡೆದಾಡುವುದು.

2012ರಲ್ಲಿ ಮೊದಲ ಕೊಚ್ಚಿ-ಮುಜಿರಿಸ್ ಬಿಯೆನಾಲೆಗೆ ಶೀಲಾ ಮತ್ತು ಪತಿ ಕ್ರಿಸ್ಟೋಫ್ ಸ್ಟೋರ್ಜ್ ಒಯ್ದದ್ದು ಅರೆಯುವ ಕಲ್ಲುಗಳನ್ನು. ಮಿಕ್ಸಿ, ಗ್ರೈಂಡರ್ ಬಂದ ಮೇಲೆ ಬೆಂಗಳೂರಿನ ಮನೆಯವರು ಬೀದಿ ಬದಿಗೆ ಬಿಟ್ಟ ಕಲ್ಲುಗಳು, ನೂರಕ್ಕೂ ಹೆಚ್ಚು. ಅವನ್ನು ಇಟ್ಟದ್ದು ಹಿಂದೆ ಮಸಾಲೆ ವ್ಯಾಪಾರ ನಡೆಯುತ್ತಿದ್ದ ಆಸ್ಪಿನ್‌ವಾಲ್ ಹೌಸ್‌ನಲ್ಲಿ.

“ಇದರಲ್ಲಿ ಕಲೆ ಏನುಂಟು, ನಮ್ಮ ಹಿತ್ತಲಲ್ಲೂ ಬಿದ್ದುಂಟಲ್ಲ?” ಅಂತ ಕೇಳಿದರೆ ತಪ್ಪಿಲ್ಲ. ಬಿದ್ದುಂಟು, ವಿಷಯವೇ ಅದು. ಒಮ್ಮೆ ಹೋಗಿ ಕಲ್ಲಿನ ಮೇಲೆ ಕೈಯಾಡಿಸಿ ನೋಡಿ. ಆ ನುಣುಪು ಕಲ್ಲುಕುಟಿಗ ಕೊಟ್ಟದ್ದಲ್ಲ. ಉಮ್ಮ, ಉಮ್ಮನ ಉಮ್ಮ ಪುಂಡಿಗೆ ಅಕ್ಕಿ, ಮೀನುಸಾರಿಗೆ ಮೆಣಸು ಅರೆದು ಅರೆದು ಸವೆದದ್ದು. ಗಂಡಸರ ವ್ಯಾಪಾರದ ಲೆಕ್ಕ ಪುಸ್ತಕದಲ್ಲಿ ಉಳಿದಿರುತ್ತದೆ. ಹೆಂಗಸರ ಈ ದುಡಿಮೆಯ ಲೆಕ್ಕ ಕಲ್ಲಿನಲ್ಲಿ ಮಾತ್ರ. ಹಳೆ ಮನೆ ಕೆಡವುವಾಗ ಅದೂ ಜೆಸಿಬಿಯ ಮಣ್ಣಿನ ಜೊತೆ ಹೋಗುತ್ತದೆ.

ಅವರ 2007ರ ‘ಕೊಲ್ಯಾಟರಲ್’ ನಮ್ಮ ಕಾಡಿಗೆ ಇನ್ನೂ ಹತ್ತಿರದ್ದು. ಊದುಬತ್ತಿಯ ಹಿಟ್ಟನ್ನು ಜಾಲರಿಯ ಮೇಲೆ ಬಗೆಬಗೆ ಆಕಾರದಲ್ಲಿಟ್ಟು ಉರಿಸಿದರು. ಉಳಿದದ್ದು ಬೂದಿ. ಆಕಾರ ಹಾಗೇ ಇರುತ್ತದೆ, ಬೆರಳು ತಾಗಿದರೆ ಉದುರುತ್ತದೆ. (‘ಊದು’ ಅರಬಿ ಮೂಲದ ಮಾತು, ಹಿರಿಯರಿಗೆ ಗೊತ್ತಿದ್ದದ್ದೇ.) ಊದುಬತ್ತಿ ಹಿಟ್ಟಿಗೆ ಬೇಕಾದ ಅಂಟು ಮಲೆನಾಡಿನ ಗುಳಮಾವು ಮರದ ತೊಗಟೆಯಿಂದಲೂ ಬರುತ್ತದೆ. ಸ್ವಲ್ಪ ಸ್ವಲ್ಪ ತೆಗೆದರೆ ಮರ ಬದುಕೀತು. ಸುತ್ತಲೂ ಕೆತ್ತಿದರೆ ನಿಂತಲ್ಲೇ ಒಣಗುತ್ತದೆ. ಕಾಡಂಚಿನಲ್ಲಿ ತೋಟ ಮಾಡಿದ ಹಿರಿಯರನ್ನು ಕೇಳಿ, ಯಾವ ಮರ ಎಲ್ಲಿತ್ತು ಅಂತ ಕೈ ತೋರಿಸಿಯಾರು.