‘ಇಷ್ಟಕ್ಕೆ ಮಾತ್ರ ಒಪ್ಪಿದ್ದೆ’: ಚಲಚ್ಚಿತ್ರದಲ್ಲಿ ಹಿಂಜರಿಯುವ ಸಹಾಯಕ

ಚಲಚ್ಚಿತ್ರಗಳಲ್ಲಿ ನಾಯಕ, ಖಳನಾಯಕ, ವಿದೂಷಕರೆಂಬ ವರ್ಗಗಳನ್ನು ಎಲ್ಲರೂ ಬಲ್ಲರು. ಇವರ ನಡುವೆ ಹೆಸರಿಲ್ಲದ ಇನ್ನೊಂದು ವರ್ಗವುಂಟು. ಈ ವರ್ಗದವನು ಕೆಡುಕನ್ನು ಹೂಡಿದವನಲ್ಲ. ಹೂಡಿದವನ ಬಳಿ ಒಂದು ಸಣ್ಣ ಕೆಲಸವನ್ನು ಒಪ್ಪಿಕೊಂಡವನು. ಬಾಗಿಲು ತೆರೆದಿಡುವುದು, ಸುದ್ದಿ ಮುಟ್ಟಿಸುವುದು, ಒಬ್ಬನನ್ನು ಮನೆಯಿಂದ ಹೊರಗೆ ಕರೆಯುವುದು, ಇಷ್ಟೇ ಅವನ ಪಾಲು. ಆ ಕೆಲಸವು ಅವನೆಣಿಸಿದ ಮೇರೆಯನ್ನು ದಾಟಿ ಕೊಲೆಗೋ ಸುಲಿಗೆಗೋ ಮುಟ್ಟಿದಾಗ ಅವನು ಹಿಂಜರಿಯುತ್ತಾನೆ. “ನಾನು ಇಷ್ಟಕ್ಕೆ ಮಾತ್ರ ಒಪ್ಪಿದ್ದೆ” ಎಂಬುದು ಅವನ ಸಮಾಧಾನ. ಈ ಸಮಾಧಾನಕ್ಕೆ ಎಷ್ಟು ಬೆಲೆಯುಂಟೆಂಬುದನ್ನು ಮೂರು ಚಿತ್ರಗಳ ಆಧಾರದಿಂದ ಪರಿಶೀಲಿಸಬಹುದು.

ಈ ಪಾತ್ರದ ಮೂಲಪುರುಷನು ನಮ್ಮವರಿಗೆ ಅಪರಿಚಿತನಲ್ಲ. ಸೀತಾಪಹರಣದಲ್ಲಿ ಮಾರೀಚನಿಗೆ ವಹಿಸಿದ ಕೆಲಸ ಹೊನ್ನಿನ ಜಿಂಕೆಯಾಗುವುದಷ್ಟೆ. ಆದರೆ ಅವನು ಮೊದಲೇ ಹಿಂಜರಿದನು; ಇದರ ಫಲ ಲಂಕೆಯ ನಾಶವೆಂದು ರಾವಣನಿಗೆ ಬುದ್ಧಿ ಹೇಳಿದನು. ಒಪ್ಪದಿದ್ದರೆ ರಾವಣನಿಂದಲೇ ಸಾವೆಂದು ತಿಳಿದ ಮೇಲೆ, ರಾಮನ ಕೈಯಿಂದ ಸಾಯುವುದೇ ಮೇಲೆಂದು ಹೊರಟನು. ಅವನಿಗೆ ಜ್ಞಾನವಿತ್ತು, ಬಿಡುಗಡೆಯಿರಲಿಲ್ಲ. ಆಧುನಿಕ ಚಿತ್ರದ ಸಹಾಯಕನ ಸ್ಥಿತಿ ಇದಕ್ಕೆ ವಿಪರೀತ. ಒಪ್ಪುವಾಗ ಅವನಿಗೆ ಬಿಡುಗಡೆಯಿತ್ತು. ಜ್ಞಾನವನ್ನು ಮಾತ್ರ ಅವನು ದೂರವಿರಿಸಿಕೊಂಡಿದ್ದನು.

ಎಲಿಯಾ ಕಜಾನ್ ನಿರ್ದೇಶಿಸಿ 1954ರಲ್ಲಿ ತೆರೆಕಂಡ ‘ಆನ್ ದಿ ವಾಟರ್‌ಫ್ರಂಟ್’ ಚಿತ್ರವು ಇದಕ್ಕೆ ಪ್ರಸಿದ್ಧ ನಿದರ್ಶನ. ನ್ಯೂಯಾರ್ಕಿನ ಎದುರು ದಡದ ಹೊಬೋಕೆನ್ ಪಟ್ಟಣದಲ್ಲಿ ಇದರ ಚಿತ್ರೀಕರಣ ನಡೆಯಿತು. ಹಡಗುಕಟ್ಟೆಯ ಕೂಲಿಗಳ ಸಂಘವನ್ನು ಜಾನಿ ಫ್ರೆಂಡ್ಲಿಯೆಂಬ ಪುಂಡನು ಹಿಡಿದಿದ್ದಾನೆ. ಜೋಯಿ ಡಾಯಲ್ ಎಂಬ ಯುವಕನು ಅವನ ವಿರುದ್ಧ ವಿಚಾರಣಾ ಆಯೋಗದ ಮುಂದೆ ಸಾಕ್ಷಿ ನುಡಿಯುವವನಿದ್ದಾನೆ. ಮಾಜಿ ಮುಷ್ಟಿಮಲ್ಲ ಟೆರಿ ಮಲಾಯ್‌ಗೆ (ಈ ಪಾತ್ರ ಮಾರ್ಲನ್ ಬ್ರಾಂಡೋವಿನದು) ದೊರೆತ ಕೆಲಸ ಅತ್ಯಲ್ಪ: ಜೋಯಿಯ ಪಾರಿವಾಳವೊಂದು ತನಗೆ ಸಿಕ್ಕಿದೆಯೆಂದು ಕೂಗಿ, ಅವನನ್ನು ಮಾಳಿಗೆಯ ಮೇಲಕ್ಕೆ ಬರಮಾಡುವುದು. ಅಲ್ಲಿ ಕಾದಿದ್ದವರು ಜೋಯಿಯನ್ನು ಕೆಳಕ್ಕೆ ನೂಕುತ್ತಾರೆ. ಟೆರಿ ಬೆರಗಾಗುತ್ತಾನೆ, ಅವರು ಜೋಯಿಯೊಡನೆ ಮಾತಾಡಿ, ಹೆಚ್ಚೆಂದರೆ ಕೊಂಚ ಗದರಿಸುವರೆಂದು ಅವನು ಎಣಿಸಿದ್ದನು. ಅಲ್ಲಿ ಹೊನ್ನಿನ ಜಿಂಕೆ, ಇಲ್ಲಿ ಪಾರಿವಾಳ; ಎರಡು ಕಡೆಯೂ ಸೆಳೆಯುವವನ ಕೈಗೆ ರಕ್ತ ತಾಕಿಲ್ಲ.

ಟೆರಿಯ ಬೆರಗು ಕಪಟವಲ್ಲ. ಆದರೆ ಸಾಕ್ಷಿ ನುಡಿಯಲಿರುವವನನ್ನು ಪುಂಡರು ಸುಳ್ಳು ನೆವದಿಂದ ಮಾಳಿಗೆಗೆ ಏಕೆ ಕರೆಸುತ್ತಾರೆಂಬ ಪ್ರಶ್ನೆಯನ್ನು ಅವನು ಕೇಳಿಕೊಂಡಿರಲಿಲ್ಲ. ನ್ಯಾಯಶಾಸ್ತ್ರವು ಈ ಕೇಳದಿದ್ದ ಪ್ರಶ್ನೆಯನ್ನೇ ಹಿಡಿಯುತ್ತದೆ. 1860ರ ಭಾರತೀಯ ದಂಡ ಸಂಹಿತೆಯ 111ನೆಯ ಕಲಮು ಹೇಳುವುದೇನೆಂದರೆ, ಒಂದು ಕೃತ್ಯಕ್ಕೆ ಪ್ರೇರಣೆಯೋ ನೆರವೋ ಕೊಟ್ಟಿರುವಾಗ ಬೇರೊಂದು ಕೃತ್ಯ ನಡೆದರೆ, ಆ ಎರಡನೆಯದು ಮೊದಲನೆಯದರ ಸಂಭಾವ್ಯ ಪರಿಣಾಮವಾಗಿದ್ದಲ್ಲಿ ಪ್ರೇರಕನೂ ಅದಕ್ಕೆ ಹೊಣೆ. ಮನೆಗೆ ಕನ್ನವಿಕ್ಕಿ ದರೋಡೆ ಮಾಡಿರೆಂದು ಆಯುಧ ಕೊಟ್ಟು ಕಳುಹಿದವನು, ಅಲ್ಲಿ ಕೊಲೆ ನಡೆದಾಗ ‘ನಾನು ದರೋಡೆಯನ್ನಷ್ಟೇ ಹೇಳಿದ್ದೆ’ ಎಂದು ತಪ್ಪಿಸಿಕೊಳ್ಳಲಾರನು. ಆದರೆ ಮನೆ ಸುಡಲು ಹೇಳಿದವನು, ಸುಡಹೋದವನು ತಾನಾಗಿ ಮಾಡಿದ ಕಳವಿಗೆ ಹೊಣೆಯಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 51ನೆಯ ಕಲಮು ಇದೇ ತತ್ತ್ವವನ್ನು ಉಳಿಸಿಕೊಂಡಿದೆ. ಎಂದರೆ, ಸಹಾಯಕನು ಏನನ್ನು ಎಣಿಸಿದ್ದನೆಂಬುದೊಂದೇ ಅಳತೆಯಲ್ಲ. ಕೆಲಸದ ಸ್ವರೂಪದಿಂದ ಏನನ್ನು ನಿರೀಕ್ಷಿಸಬಹುದಾಗಿತ್ತು ಎಂಬುದೂ ಅಳತೆಯಾಗುತ್ತದೆ.

ಚಿತ್ರವೂ ಟೆರಿಯನ್ನು ಬೆರಗಿನಲ್ಲಿಯೇ ಬಿಟ್ಟುಕೊಡುವುದಿಲ್ಲ. ಕೊಲೆಯ ಬಳಿಕವೂ ಅವನು ಫ್ರೆಂಡ್ಲಿಯ ಹಣವನ್ನೂ ಹಗುರವಾದ ಕೆಲಸವನ್ನೂ ಅನುಭವಿಸುತ್ತಾನೆ. ಅವನ ಪರಿವರ್ತನೆ ಮೆಟ್ಟಿಲು ಮೆಟ್ಟಿಲಾಗಿ ನಡೆಯುತ್ತದೆ: ಮೊದಲು ಪಾದ್ರಿಯ ಮುಂದೆ, ಅನಂತರ ಸತ್ತವನ ತಂಗಿ ಈಡಿಯ ಮುಂದೆ, ಕಡೆಗೆ ಆಯೋಗದ ಮುಂದೆ ಅವನು ಸತ್ಯವನ್ನು ಹೇಳಬೇಕಾಗುತ್ತದೆ. ಈ ನಡುವೆ ಅವನ ಅಣ್ಣ ಚಾರ್ಲಿಯೂ ಹಿಂಜರಿಯುತ್ತಾನೆ. ಫ್ರೆಂಡ್ಲಿಯ ಬಲಗೈಯಾಗಿ ಲೆಕ್ಕ ನೋಡಿಕೊಂಡಿದ್ದ ಚಾರ್ಲಿಗೆ, ತಮ್ಮನ ಬಾಯಿ ಮುಚ್ಚಿಸು, ಆಗದಿದ್ದರೆ ಅವನನ್ನು ಕೊಲೆಗಾರರಿಗೆ ಒಪ್ಪಿಸು ಎಂಬ ಆಜ್ಞೆಯಾಗುತ್ತದೆ. ಅನ್ಯರ ಪ್ರಾಣದ ವಿಷಯದಲ್ಲಿ ಹಿಂಜರಿಯದವನು ತಮ್ಮನ ಸರದಿ ಬಂದಾಗ ಅವನನ್ನು ಟ್ಯಾಕ್ಸಿಯಿಂದ ಇಳಿಸಿ ಕಳುಹುತ್ತಾನೆ. ಅದಕ್ಕೆ ತನ್ನ ಪ್ರಾಣವನ್ನೇ ತೆರುತ್ತಾನೆ. ನಿರ್ದೇಶಕ ಕಜಾನನು 1952ರಲ್ಲಿ ಅಮೆರಿಕದ ಸಂಸದೀಯ ಸಮಿತಿಯ ಮುಂದೆ ತನ್ನ ಹಿಂದಿನ ಕಮ್ಯೂನಿಸ್ಟ್ ಸಂಗಡಿಗರ ಹೆಸರುಗಳನ್ನು ಹೇಳಿದ್ದನು. ಆದಕಾರಣ ಈ ಚಿತ್ರವನ್ನು ಅವನ ಸ್ವಸಮರ್ಥನೆಯೆಂದು ಅನೇಕರು ಓದಿದ್ದಾರೆ. ಆ ಓದಿಗೆ ಆಧಾರವಿಲ್ಲದಿಲ್ಲ. ಆದರೂ ಟೆರಿ ಸಾಕ್ಷಿ ನುಡಿದದ್ದು ತನ್ನನ್ನು ಕೊಲ್ಲಬಲ್ಲ ಬಲಿಷ್ಠರ ವಿರುದ್ಧ ಎಂಬ ವ್ಯತ್ಯಾಸವನ್ನು ಮರೆಯಲಾಗದು.

ಇದರ ಮರುವರ್ಷ, 1955ರಲ್ಲಿ, ಮುಂಬಯಿಯಿಂದ ರಾಜ್ ಕಪೂರರ ‘ಶ್ರೀ 420’ ಬಂದಿತು. ಇದರ ಕಥೆ ಖ್ವಾಜಾ ಅಹ್ಮದ್ ಅಬ್ಬಾಸರದು. ಕೆಲಸವನ್ನರಸಿ ಮುಂಬಯಿಗೆ ಬಂದ ಪದವೀಧರ ರಾಜನು ಪ್ರಾಮಾಣಿಕತೆಗಾಗಿ ಪಡೆದ ಪದಕವನ್ನು ಗಿರವಿಯಿಡುತ್ತಾನೆ. ಹೊಟ್ಟೆಯ ಊರಿಗೆ ವಲಸೆ ಬಂದವರಿಗೆ ಈ ಆರಂಭದ ಅರ್ಥವನ್ನು ವಿವರಿಸಬೇಕಾಗಿಲ್ಲ. ಇಸ್ಪೀಟಿನ ಕೈಚಳಕದಿಂದ ಅವನು ಸಿರಿವಂತರ ಕೂಟವನ್ನು ಸೇರಿ, ಸೇಠ್ ಸೋನಾಚಂದನ ಮೋಸದ ವ್ಯವಹಾರಗಳಿಗೆ ಕೈಗೂಡಿಸುತ್ತಾನೆ. ಅಲ್ಲಿಯವರೆಗೆ ಮೋಸಹೋಗುವವರು ಅವನಿಗೆ ಕೇವಲ ಅಪರಿಚಿತರು. ಅನಂತರ ನೂರು ರೂಪಾಯಿಗೆ ಮನೆ ಎಂಬ ಯೋಜನೆ ಹುಟ್ಟುತ್ತದೆ. ಅದನ್ನು ನಂಬಿ ಗಂಟು ಬಿಚ್ಚುವವರು, ಬಂದ ಹೊಸದರಲ್ಲಿ ಅವನಿಗೆ ನೆಲೆಯಿತ್ತ ಫುಟ್‌ಪಾತಿನ ಜನರೇ. ಹಣವನ್ನೆತ್ತಿಕೊಂಡು ಓಡಿಹೋಗುವುದೇ ಸೇಠನ ಉದ್ದೇಶವಾಗಿರುವಾಗ ರಾಜನು ತಿರುಗಿ ನಿಲ್ಲುತ್ತಾನೆ.

ಇಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು. ಸಾಲಕ್ಕೆ ಜಾಮೀನು ಬೇಕಾಗುವಂತೆ ಮೋಸಕ್ಕೂ ಒಂದು ಜಾಮೀನು ಬೇಕು. ಬಡವರು ನಂಬಿದ್ದು ಸೇಠನ ಕಾಗದವನ್ನಲ್ಲ; ತಮ್ಮೊಡನೆ ಬೀದಿಯಲ್ಲಿ ಮಲಗಿದ್ದ ರಾಜನ ಮುಖವನ್ನು. ಆದುದರಿಂದ ಅವನು ಸುಮ್ಮನೆ ಹೊರನಡೆದಿದ್ದರೆ ಸಾಲದಾಗಿತ್ತು. ಜಾಮೀನು ನಿಂತವನು ಹಿಂದೆಗೆದರೂ ಕೊಟ್ಟವರ ಹಣ ಹಿಂದಿರುಗುವುದಿಲ್ಲ. ಚಿತ್ರವು ಇದನ್ನು ಸರಿಯಾಗಿ ಅರಿತಿದೆ. ರಾಜನು ಆ ಜನರೆದುರಿಗೇ ಮೋಸವನ್ನು ಬಯಲಿಗೆಳೆದು, ತನ್ನ ಪಾಲನ್ನೂ ಒಪ್ಪಿಕೊಳ್ಳುತ್ತಾನೆ. ವಂಚನೆಯ ಕಲಮು ಇಂದು 420 ಅಲ್ಲ, ಹೊಸ ಸಂಹಿತೆಯಲ್ಲಿ 318. ಆದರೂ ಆ ಹಳೆಯ ಸಂಖ್ಯೆ ಜನರ ಮಾತಿನಲ್ಲಿ ಬೈಗುಳಾಗಿ ಉಳಿದಿದೆ.

ಮೂರನೆಯ ನಿದರ್ಶನ ಫ್ರಾನ್ಸಿಸ್ ಫೋರ್ಡ್ ಕೊಪ್ಪೊಲಾ ನಿರ್ದೇಶಿಸಿದ, 1974ರಲ್ಲಿ ಕಾನ್ ಉತ್ಸವದ ಪರಮೋಚ್ಚ ಪ್ರಶಸ್ತಿ ಗಳಿಸಿದ ‘ದಿ ಕಾನ್ವರ್ಸೇಷನ್’. ಇದರ ಹ್ಯಾರಿ ಕಾಲ್ (ಜೀನ್ ಹ್ಯಾಕ್‌ಮನ್) ಪುಂಡನಲ್ಲ, ನಿಪುಣ ಕಸುಬುದಾರ. ಅನ್ಯರ ಮಾತನ್ನು ಗುಪ್ತವಾಗಿ ಧ್ವನಿಮುದ್ರಿಸಿ ಕೊಡುವುದು ಅವನ ವೃತ್ತಿ. ಮಾತಿನ ಅರ್ಥ ತನಗೆ ಬೇಡ, ಧ್ವನಿ ಸ್ಪಷ್ಟವಾಗಿದ್ದರೆ ಸಾಕೆಂಬುದು ಅವನ ನಿಯಮ. ಈ ನಿಯಮದ ಹಿಂದೆ ಒಂದು ಗಾಯವಿದೆ: ಹಿಂದೆ ಅವನು ನ್ಯೂಯಾರ್ಕಿನಲ್ಲಿ ಮಾಡಿದ ಇಂಥದೊಂದು ಕೆಲಸದ ಫಲವಾಗಿ ಮೂವರು ಹತರಾಗಿದ್ದರು. ಈಗ ಸ್ಯಾನ್ ಫ್ರಾನ್ಸಿಸ್ಕೋದ ಯೂನಿಯನ್ ಚೌಕದಲ್ಲಿ ಒಂದು ಜೋಡಿಯ ಸಂಭಾಷಣೆಯನ್ನು ಮುದ್ರಿಸಿದ ಮೇಲೆ, ಆ ಟೇಪು ಅವರ ಪ್ರಾಣಕ್ಕೆ ಮುಳುವಾದೀತೆಂದು ಅವನಿಗೆ ಅನಿಸುತ್ತದೆ. ಕೊಡಲು ಒಯ್ದ ಟೇಪನ್ನು ಹಿಂದಕ್ಕೆ ತರುತ್ತಾನೆ. ಆದರೆ ಯಾರನ್ನೂ ಎಚ್ಚರಿಸುವುದಿಲ್ಲ. ಟೇಪು ಕಳವಾಗಿ, ತರಿಸಿದವನನ್ನು ಸೇರುತ್ತದೆ. ಕೊಲೆ ನಡೆಯುವ ವಸತಿಗೃಹದಲ್ಲಿ ಹ್ಯಾರಿ ಪಕ್ಕದ ಕೋಣೆಯಲ್ಲಿಯೇ ಇರುತ್ತಾನೆ, ಗೋಡೆಗೆ ಕಿವಿಗೊಡುತ್ತಾನೆ, ಬಾಗಿಲು ತಟ್ಟುವುದಿಲ್ಲ. ಸತ್ತವನು ತಾನೆಣಿಸಿದವನಲ್ಲ, ಟೇಪು ತರಿಸಿದ ಯಜಮಾನನೇ ಎಂಬುದು ಆಮೇಲೆ ಅವನಿಗೆ ಹೊಳೆಯುತ್ತದೆ. ಮಾತಿನ ಅರ್ಥ ತನಗೆ ಬೇಡವೆಂದಿದ್ದವನು, ಬೇಕಾದ ಹೊತ್ತಿನಲ್ಲಿ ಅದನ್ನು ತಪ್ಪಾಗಿ ಗ್ರಹಿಸಿದ್ದನು.

ಮೂವರನ್ನೂ ಒಟ್ಟಿಗೆ ನೋಡಿದರೆ ಒಂದು ತೀರ್ಮಾನ ತಾನಾಗಿ ಹೊರಡುತ್ತದೆ. ಹಿಂಜರಿಕೆಯು ಎರಡನೆಯ ಒಪ್ಪಿಗೆಯನ್ನು ತಡೆಯಬಲ್ಲುದು, ಮೊದಲನೆಯದನ್ನು ಅಳಿಸಲಾರದು. ಮೊದಲನೆಯದರ ಸಾಲವನ್ನು ಬೇರೆಯಾಗಿಯೇ ತೀರಿಸಬೇಕು. ಟೆರಿ ಅದನ್ನು ಸಾಕ್ಷ್ಯದಿಂದ ತೀರಿಸಿದನು, ರಾಜನು ಬಹಿರಂಗವಾದ ಒಪ್ಪಿಗೆಯಿಂದ. ಹ್ಯಾರಿಯ ಹಿಂಜರಿಕೆ ಅವನ ಮನಸ್ಸಿನ ಒಳಗೇ ಮುಗಿಯಿತು. ಆದಕಾರಣ ಅವನು ಕೊನೆಗೆ ತನ್ನ ಮನೆಯ ಗೋಡೆ ನೆಲಗಳನ್ನೇ ಕಿತ್ತುಹಾಕಿ, ಪಾಳುಬಿದ್ದ ಕೋಣೆಯಲ್ಲಿ ಒಬ್ಬನೇ ಕುಳಿತು ಸ್ಯಾಕ್ಸೊಫೋನ್ ನುಡಿಸುತ್ತಾನೆ.

ಹಡಗುಕಟ್ಟೆಯ ಪುಂಡರೂ ಜೂಜುಕೋರ ಸೇಠರೂ ಎಲ್ಲರ ಬಾಳಿನಲ್ಲಿ ಎದುರಾಗುವುದಿಲ್ಲ. ಆದರೆ ಹ್ಯಾರಿಯ ಮೇಜು ಪ್ರತಿಯೊಂದು ಕಚೇರಿಯಲ್ಲಿಯೂ ಉಂಟು. ಕಡತ ಮುಂದಕ್ಕೆ ಹೋಗಲು ಒಂದು ಸಹಿ ಬೇಕು; ಸಹಿ ಹಾಕುವವನು ಅಂಕಿಗಳು ಸರಿಯಿವೆಯೇ ಎಂದು ನೋಡುತ್ತಾನೆ, ಅದು ಯಾರ ಮನೆಯ ಬಾಗಿಲಿಗೆ ಹೋಗಿ ನಿಲ್ಲುವುದೆಂದು ನೋಡುವುದು ತನ್ನ ಕೆಲಸವಲ್ಲವೆಂದು ಭಾವಿಸುತ್ತಾನೆ. ಟೆರಿ ಕೇಳಿಕೊಳ್ಳದಿದ್ದ ಪ್ರಶ್ನೆ ಅಲ್ಲಿಯೂ ಅದೇ: ಇಷ್ಟು ಸಣ್ಣ ಕೆಲಸಕ್ಕೆ ನನ್ನನ್ನೇ ಏಕೆ ಕರೆದರು? ಅದನ್ನು ಕೂಗುವ ಮೊದಲೇ ಕೇಳಿಕೊಂಡವನಿಗೆ, ‘ಇಷ್ಟಕ್ಕೆ ಮಾತ್ರ ಒಪ್ಪಿದ್ದೆ’ ಎಂದು ಆಮೇಲೆ ಹೇಳುವ ಪ್ರಸಂಗ ಬಾರದು.