ಮೈತುಂಬ ಬಲೆ, ಮೆದುಳೇ ಇಲ್ಲ

ಸ್ವೀಡನ್ನಿನ ಪಶ್ಚಿಮ ಕರಾವಳಿಯ ಗುಲ್ಮಾರ್ ಕೊಲ್ಲಿಯ ತಳದಿಂದ ಕೆಸರು ಎತ್ತಿ ಜರಡಿ ಹಿಡಿದರೆ, ಅದೃಷ್ಟವಿದ್ದಾಗ ಹಳದಿಗಂದು ಬಣ್ಣದ ಒಂದು ಹುಳು ಸಿಗುತ್ತದೆ. ಉದ್ದ ಎರಡು ಮೂರು ಸೆಂಟಿಮೀಟರ್. ಕಣ್ಣಿಲ್ಲ, ಕಾಲಿಲ್ಲ. ಹೊಟ್ಟೆಯಡಿ ಒಂದು ಬಾಯಿ, ಅಷ್ಟೇ; ಉಂಡದ್ದರಲ್ಲಿ ಉಳಿದ ಕಸವೂ ಆ ಬಾಯಿಂದಲೇ ಆಚೆ ಬರಬೇಕು. ಹೆಸರು ಝೀನೋಟರ್ಬೆಲ್ಲಾ. ಸಿಕ್ಸ್‌ಟೆನ್ ಬಾಕ್ 1915ರಲ್ಲಿ ಹಿಡಿದ ಈ ಹುಳುವಿಗೆ ಐನಾರ್ ವೆಸ್ಟ್‌ಬ್ಲಾಡ್ ಹೆಸರಿಟ್ಟು ವಿವರಿಸಿದ್ದು 1949ರಲ್ಲಿ.

ಇದರ ಮೈಯ ತೆಳು ಸೀಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಹೊರಗೆ ಅಲುಗುವ ಸೂಕ್ಷ್ಮ ರೋಮಗಳ ಸಾಲು. ಅವುಗಳಿಂದಲೇ ಹುಳು ಕೆಸರಿನ ಮೇಲೆ ಜಾರುತ್ತದೆ. ಚರ್ಮದ ಬುಡದಲ್ಲಿ ನರಕೋಶಗಳು ಒಂದಕ್ಕೊಂದು ಹೆಣೆದುಕೊಂಡು, ಬೆನ್ನು ಹೊಟ್ಟೆ ಎನ್ನದೆ ಮೈಯನ್ನೆಲ್ಲ ಸುತ್ತಿವೆ. ಮೀನಿನ ಬಲೆಯ ಒಂದು ಕಣ್ಣನ್ನು ಎಳೆದರೆ ಅಕ್ಕಪಕ್ಕದ ಕಣ್ಣುಗಳು ಜಗ್ಗುವ ಹಾಗೆ, ಇಲ್ಲಿ ಸುದ್ದಿ ಎಲ್ಲ ದಿಕ್ಕಿಗೂ ಹರಡುತ್ತದೆ. ಮುಂದೆ ಗಂಟುಗಟ್ಟಿ ಮೆದುಳಾಗಿಲ್ಲ, ಉದ್ದಕ್ಕೆ ಹುರಿಗೊಂಡಿಲ್ಲ.

ಎರೆಹುಳುವಿಗೆ ನರಹುರಿ ಇದೆ, ಹೊಟ್ಟೆಯ ಕಡೆ. ನಮಗೂ ಇದೆ, ಬೆನ್ನಿನ ಕಡೆ. ಎರಡರ ಮೂಲವೂ ಒಂದೆಂದು ಬಹಳ ಜನ ನಂಬಿದ್ದರು. ಕಡಲಿನ ಪ್ಲಾಟಿನೆರೈಸ್ ಎಂಬ ಹುಳುವಿನಲ್ಲಿ ಹುರಿಯನ್ನು ಅಡ್ಡಕ್ಕೆ ಪಟ್ಟಿಪಟ್ಟಿಯಾಗಿ ವಿಂಗಡಿಸುವ ಜೀನ್‌ಗಳ ಕ್ರಮ ಕಶೇರುಕಗಳದ್ದನ್ನೇ ಹೋಲುತ್ತದೆಂದು ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಡೆಟ್ಲೆಫ್ ಆರೆಂಟ್ ತಂಡ 2007ರಲ್ಲಿ ತೋರಿಸಿದಾಗ ಆ ನಂಬಿಕೆ ಇನ್ನಷ್ಟು ಗಟ್ಟಿಯಾಯಿತು. ಆದರೆ ನಾರ್ವೆಯ ಬರ್ಗೆನ್ನಿನಲ್ಲಿ ಆಂಡ್ರಿಯಾಸ್ ಹೇನೋಲ್ ತಂಡ ಝೀನೋಟರ್ಬೆಲ್ಲಾ ಬಳಗವೂ ಸೇರಿ ಹಲವು ಗುಂಪುಗಳನ್ನು ಪರಿಶೀಲಿಸಿ, ಆ ಕ್ರಮ ಎಲ್ಲೆಡೆ ಇಲ್ಲವೆಂದು 2018ರಲ್ಲಿ ವರದಿ ಮಾಡಿತು. ಹಾಗಾದರೆ ನರಹುರಿ ಬೇರೆ ಬೇರೆ ಕಡೆ ಬೇರೆ ಬೇರೆಯಾಗಿ ಹುಟ್ಟಿದ್ದಿರಬೇಕು.

ಹಾಗಾದರೆ ಹುರಿ ಹುಟ್ಟುವ ಮೊದಲು ಇದ್ದದ್ದು ಬರೀ ಬಲೆಯೇ? ಅದನ್ನು ತಿಳಿಯಲು ವಂಶವೃಕ್ಷದಲ್ಲಿ ಝೀನೋಟರ್ಬೆಲ್ಲಾ ಯಾವ ಕೊಂಬೆಯದು ಎಂಬುದು ಮುಖ್ಯ. 1997ರಲ್ಲಿ ಡಿಎನ್‌ಎ ನೋಡಿ ಇದನ್ನು ಚಿಪ್ಪುಜೀವಿಗಳ ನಂಟ ಎಂದುಬಿಟ್ಟಿದ್ದರು. 2003ರಲ್ಲಿ ತಿಳಿದದ್ದು ಬೇರೆ: ಸಿಕ್ಕಿದ್ದು ಹುಳು ತಿಂದಿದ್ದ ಚಿಪ್ಪುಜೀವಿಯ ಡಿಎನ್‌ಎ! ಈಗ ವಾದ ಎರಡು ಕಡೆ ನಿಂತಿದೆ. ಬಲ-ಎಡ ಇರುವ ಪ್ರಾಣಿಗಳಲ್ಲೆಲ್ಲ ಮೊದಲು ಕವಲೊಡೆದದ್ದು ಇದೇ ಬಳಗ ಎಂದಾದರೆ, ಈ ಬಲೆ ಬಹಳ ಹಳೆಯದು. ನಕ್ಷತ್ರಮೀನಿನ ಬಂಧು ಎಂದಾದರೆ, ಇದ್ದದ್ದನ್ನು ಕಳೆದುಕೊಂಡು ಸರಳವಾದ ಜೀವಿ. ಬರ್ಗೆನ್ನಿನ ಫಲಿತಾಂಶ ನೋಡಿದ ಮೇಲೆ ನನ್ನ ಮನಸ್ಸು ಮೊದಲನೆಯದರ ಕಡೆಗೇ ವಾಲುತ್ತದೆ.