ಬಚ್ಚಲ ನೀರಿಗೆ ಕಾಬಾಳೆ ಮಡಿ: ಗಿಡಕ್ಕಿಂತ ಮೊದಲು ತೊಟ್ಟಿ

ಬೇಸಿಗೆ ಬಂತಂದ್ರೆ ಬೋರ್‌ವೆಲ್ ಕೈ ಕೊಡುತ್ತೆ. ಇತ್ತ ಮನೆ ಹಿಂದೆ ಮಾತ್ರ ಬಚ್ಚಲ ನೀರು ಕೊಚ್ಚೆಯಾಗಿ ನಿಂತು ಸೊಳ್ಳೆ ಸಾಕುತ್ತಿರುತ್ತೆ. ಆ ನೀರನ್ನು ಶುದ್ಧ ಮಾಡಿ ಬಾಳೆಗೆ ಬಿಡೋದು ಹೇಗೆ ಅಂತ ಈ ವಾರ ನೋಡೋಣ.

ನನ್ನ ಮನೆ ಜೆ.ಪಿ. ನಗರದಲ್ಲಿ, ತೋಟ ಕನಕಪುರ ರಸ್ತೆ ಕಡೆ. ಮನೆ ಹತ್ತಿರದ ಪುಟ್ಟೇನಹಳ್ಳಿ ಕೆರೆಯನ್ನು ಸುತ್ತಲಿನ ನಿವಾಸಿಗಳೇ 2010ರಲ್ಲಿ ಟ್ರಸ್ಟ್ ಮಾಡಿಕೊಂಡು ಉಳಿಸಿಕೊಂಡರು. ಈಗ ಪಕ್ಕದ ಅಪಾರ್ಟ್‌ಮೆಂಟಿನ ಶುದ್ಧೀಕರಿಸಿದ ನೀರೂ ಅದಕ್ಕೆ ಬರುತ್ತೆ. ನಗರದ ಉತ್ತರಕ್ಕಿರುವ ಜಕ್ಕೂರು ಕೆರೆಯಲ್ಲಿ ಇದೇ ಕೆಲಸ ಇನ್ನೂ ದೊಡ್ಡದಾಗಿ ನಡೆದಿದೆ. ಅಲ್ಲಿ ಜಲಮಂಡಳಿ ಘಟಕದಿಂದ ಬಂದ ನೀರು ಜೊಂಡು ಬೆಳೆದ ಜೌಗು ದಾಟಿ ಕೆರೆ ಸೇರುತ್ತೆ.

ಅದನ್ನು ನೋಡಿ ಬಂದವನೇ ತೋಟದ ಮನೆ ಹಿಂದೆ ಗುಂಡಿ ತೆಗೆದು, ಜಲ್ಲಿ ತುಂಬಿ, ಕಾಬಾಳೆ ನೆಟ್ಟೆ. ನಾಲ್ಕೇ ತಿಂಗಳಿಗೆ ಕಟ್ಟಿಕೊಂಡಿತು. ಎಣ್ಣೆ ಜಿಡ್ಡು, ಅನ್ನದ ಅಗುಳು, ಕೂದಲು ಎಲ್ಲಾ ಜಲ್ಲಿ ಸಂದಿಗೆ ಸೇರಿ ನೀರು ಮೇಲೆ ಉಕ್ಕಿತು. ಪಕ್ಕದ ಮನೆ ಅಕ್ಕ ಬಂದು, "ಓದಿದೋನು ನೀನು, ಈ ನಾತ ಏನಪ್ಪಾ?" ಅಂದ್ರು. ಉತ್ತರ ಇರಲಿಲ್ಲ. ಜಕ್ಕೂರಲ್ಲಿ ನಾನು ಜೊಂಡು ನೋಡಿದ್ದೆ, ಅದಕ್ಕಿಂತ ಮೊದಲಿದ್ದ ಘಟಕ ಮರೆತಿದ್ದೆ.

ಶುದ್ಧ ಮಾಡೋದು ಯಾರು?

ಗಿಡ ಅಂತ ಎಲ್ಲರೂ ಅಂದುಕೊಳ್ತಾರೆ. ನಿಜವಾದ ಕೆಲಸ ಜಲ್ಲಿ ಕಲ್ಲಿಗೂ ಬೇರಿಗೂ ಲೋಳೆಯಾಗಿ ಅಂಟಿಕೊಂಡ ಬ್ಯಾಕ್ಟೀರಿಯಾದ್ದು. ನೀರಲ್ಲಿ ಕರಗಿದ ಕೊಳೆಯನ್ನು ಅವು ತಿಂದು ಮುಗಿಸುತ್ತವೆ. ಬೇರುಗಳು ಅವುಕ್ಕೆ ನೆಲೆ, ಸ್ವಲ್ಪ ಆಮ್ಲಜನಕ ಕೊಡುತ್ತವೆ. ಜೊತೆಗೆ ಒಂದಿಷ್ಟು ಸಾರಜನಕ, ರಂಜಕ ಹೀರಿಕೊಳ್ಳುತ್ತವೆ. ಆದರೆ ಜಿಡ್ಡು, ಕಸ ಹಾಗೇ ಬಂದರೆ ಸಂದಿ ಮುಚ್ಚಿ ಎಲ್ಲವೂ ನಿಲ್ಲುತ್ತೆ. ಅದಕ್ಕೇ ಕೆಸರು ತಂಗುವ ತೊಟ್ಟಿ ಮೊದಲು.

ಐದು ಜನರ ಮನೆಗೆ ಅಳತೆ

ಜಲ ಜೀವನ್ ಮಿಷನ್ ಲೆಕ್ಕ ಒಬ್ಬರಿಗೆ ದಿನಕ್ಕೆ 55 ಲೀಟರ್. ಐದು ಜನಕ್ಕೆ 275 ಲೀಟರ್. ಅದರಲ್ಲಿ ಸುಮಾರು 200 ಲೀಟರ್ ಬಚ್ಚಲಿಗೆ ಹೋಗುತ್ತೆ ಅಂದುಕೊಳ್ಳಿ.

1. ತೊಟ್ಟಿ: 500 ಲೀಟರ್, ನಡುವೆ ಅಡ್ಡಗೋಡೆ. ಹೊರ ಹೋಗುವ ಪೈಪಿನ ಬಾಯಿ ಕೆಳಮುಖವಾಗಿ ನೀರೊಳಗೆ ಮುಳುಗಿರಲಿ. ಜಿಡ್ಡು ಮೇಲೇ ಉಳಿಯುತ್ತೆ.
2. ಮಡಿ: 10 ಅಡಿ ಉದ್ದ, 6 ಅಡಿ ಅಗಲ, 2 ಅಡಿ ಆಳ. ತಳಕ್ಕೆ ಕೃಷಿ ಹೊಂಡದ 500 ಮೈಕ್ರಾನ್ ಶೀಟು, ಸ್ವಲ್ಪವೇ ಇಳಿಜಾರು.
3. ಜಲ್ಲಿ: ನೀರು ಬರುವ, ಹೋಗುವ ತುದಿಗೆ 40 ಎಂಎಂ, ನಡುವೆ 10ರಿಂದ 20 ಎಂಎಂ. ತೊಳೆದೇ ಹಾಕಿ. ಮಣ್ಣು ಬೇಡ.
4. ಹೊರ ಪೈಪು: ನೀರು ಜಲ್ಲಿಯ ಮೇಲ್ಮೈಗಿಂತ ಮೂರ್ನಾಲ್ಕು ಇಂಚು ಕೆಳಗೇ ನಿಲ್ಲುವ ಹಾಗೆ ಎಲ್ಬೋ ಕೂರಿಸಿ. ಮೇಲೆ ನೀರು ಕಾಣದಿದ್ದರೆ ಸೊಳ್ಳೆಯೂ ಇಲ್ಲ.
5. ಗಿಡ: ಕಾಬಾಳೆ ಅಥವಾ ಜೊಂಡು, ಒಂದೂವರೆ ಅಡಿಗೊಂದು.

ಇಷ್ಟಿದ್ದರೆ ನೀರು ಮಡಿಯಲ್ಲಿ ನಾಲ್ಕೈದು ದಿನ ನಿಧಾನವಾಗಿ ಸಾಗುತ್ತೆ. ಬ್ಯಾಕ್ಟೀರಿಯಾಗೆ ಆ ಸಮಯ ಬೇಕು.

ಎಲ್ಲಿಗೆ ಬಿಡಬೇಕು, ಎಲ್ಲಿಗೆ ಬಿಡಬಾರದು

ಬಾಳೆ, ತೆಂಗು, ಮೇವಿನ ಹುಲ್ಲಿಗೆ ಬುಡದಲ್ಲಿ ಬಿಡಿ. ಕೊತ್ತಂಬರಿ, ಮೂಲಂಗಿಯಂಥ ಹಸಿಯಾಗಿ ತಿನ್ನೋ ಬೆಳೆಗೆ ಬೇಡ: ನೀರು ತಿಳಿಯಾಗಿ ಕಂಡರೂ ರೋಗಾಣು ಪೂರ್ತಿ ಹೋಗಿರಲ್ಲ. ಇದೇ ಕಾರಣಕ್ಕೆ ಶೌಚದ ನೀರನ್ನು ಈ ಮಡಿಗೆ ಸೇರಿಸಲೇಬೇಡಿ. ಸೋಪಿನ ಪುಡಿಯಲ್ಲಿ ಸೋಡಿಯಂ ಇರುತ್ತೆ, ಜಾಸ್ತಿಯಾದರೆ ಮಣ್ಣು ಗಟ್ಟಿಯಾಗುತ್ತೆ. ಅಳತೆ ನೋಡಿ ಬಳಸಿ.

ಎರಡನೇ ಸಲ ತೊಟ್ಟಿ ಕಟ್ಟಿಯೇ ಶುರು ಮಾಡಿದೆ. ತಿಂಗಳಿಗೊಮ್ಮೆ ಜಿಡ್ಡು ತೆಗೀತೀನಿ, ಹೂಳು ತುಂಬಿದಾಗ ಗೊಬ್ಬರದ ಗುಂಡಿಗೆ. ಹೋದ ಬೇಸಿಗೆ ಬೋರು ನಿಂತಾಗಲೂ ಹಿತ್ತಲಿನ ಬಾಳೆ ಬಾಡಲಿಲ್ಲ. ಬಾಳೆಗೊನೆ ಕೊಟ್ಟಾಗ ಅಕ್ಕ, "ನಮ್ಮನೆ ನೀರೂ ಸೇರಿಸ್ಕೊಳ್ತೀಯಾ?" ಅಂದ್ರು.

ನಾಲ್ಕು ಮನೆ ಸೇರಿ ಮಾಡಿದರೆ ಖರ್ಚು ಹಂಚಿಹೋಗುತ್ತೆ, ಮನೆ ಹೆಚ್ಚಿದಷ್ಟೂ ಅಳತೆ ಹೆಚ್ಚಿಸಿ. ಆದರೆ ತೊಟ್ಟಿ ತೊಳೆಯೋರು ಯಾರು ಅಂತ ಗುಂಡಿ ತೋಡೋ ಮುಂಚೆಯೇ ತೀರ್ಮಾನ ಮಾಡಿಕೊಳ್ಳಿ. ಎಲ್ಲರದ್ದೂ ಅಂದ್ರೆ ಯಾರದ್ದೂ ಅಲ್ಲ ಅಂತಾಗಬಾರದು.